ಬಲಗಾಲು ಮುಂದಿಟ್ಟು ಹಿಮದಲ್ಲಿ ಬಿದ್ದದ್ದು

ನೋವೈ, ಮಿಷಿಗನ್
ಜನವರಿ 18, 2026

ಪ್ರೀತಿಯ ವಿನಿತಾ,

ನಾವಿಬ್ಬರೂ ಕ್ಷೇಮ. ನೀನೂ ಚೆನ್ನಾಗಿದ್ದೀ ಎಂದುಕೊಂಡಿದ್ದೇನೆ. ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗಿಗೆ ಮುಂಚೆ ನೀನು ಕಳಿಸಿದ ಮೆಸೇಜಿಗೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಕೊಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಬೆರಳಾಡಿಸಿ ಮುಗಿಸುವಷ್ಟು ಚಿಕ್ಕ ಸುದ್ದಿಯಲ್ಲ ಇದು. ಶಿಕಾಗೋ ಮಗ್ಗುಲಿನ ಹಾಫ್‌ಮನ್ ಎಸ್ಟೇಟ್ಸಿನ ನಿನ್ನ ಹೊಸ ಅಪಾರ್ಟ್‌ಮೆಂಟಿಗೆ ಕುಸುರೆಳ್ಳು ಕಳಿಸುವುದಿತ್ತು, ಅದರ ಜೊತೆಗೇ ಹೋಗಲಿ ಎಂದು ಕಾಗದ ಬರೆಯಲು ಕೂತೆ. ನಾನು ಕಲಿಸಿದ ಕನ್ನಡ ಅಕ್ಷರ ಮರೆತಿದ್ದರೆ ನಿಮ್ಮ ಅಮ್ಮನ ಹತ್ತಿರ ಓದಿಸಿಕೋ. ನಾನು ಬಿದ್ದ ಭಾಗ ಬಂದಾಗ ಮಾತ್ರ ಕೈ ಅಡ್ಡ ಇಡು.

ನೀನು ಹಿಮದ ಮೇಲೆ ಜಾರುತ್ತಿದ್ದ, ಗ್ಯಾರೇಜಿನಲ್ಲಿರುವ ಸ್ನೋಬೋರ್ಡನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ನೀನು ಬರೆದಿದ್ದೆ. ಕೊಟ್ಟೆ, ನನಗೇ.

ನಗು, ಪರವಾಗಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಇಲ್ಲೂ ಒಬ್ಬರು ನಕ್ಕಾಗಿದೆ. ನಿನ್ನ ಬೂಟು ನನ್ನ ಕಾಲಿಗೆ ಸರಿಹೋಯಿತು. ಆದರೆ ನೀನು ನನಗಿಂತ ಗೇಣು ಎತ್ತರ. ಬೋರ್ಡಿನ ಮೇಲೆ ನಿನ್ನ ಅಳತೆಗೆ ಕೂಡಿಸಿದ, ಕಾಲು ಬಿಗಿಯುವ ಬೈಂಡಿಂಗುಗಳಲ್ಲಿ ಬೂಟು ಸಿಕ್ಕಿಸಿ ನಿಂತರೆ ನನ್ನ ಎರಡು ಕಾಲೂ ಬೇರೆ ಬೇರೆ ಊರಿಗೆ ಹೊರಟ ಹಾಗಾಗುತ್ತಿತ್ತು. ಅವನ್ನು ಹತ್ತಿರ ತರಬೇಕಾಯಿತು, ನಮ್ಮ ಯಜಮಾನ ಕಲ್ಮೇಶ್ ಸಾಹೇಬರಿಗೆ ಕೆಲಸ ಸಿಕ್ಕಿತು. ರಿಟೈರ್ ಆಗುವ ತನಕ ಕಾರಿನ ಸೀಟು ಡಿಸೈನ್ ಮಾಡಿದವರಲ್ಲವೇ. ಕೂತವರ ಸುಖ ಚೆನ್ನಾಗಿ ಬಲ್ಲರು, ನಿಂತವರ ಕಷ್ಟ ಅವರಿಗೆ ಹೊಸದು.

ಡೈನಿಂಗ್ ಟೇಬಲ್ಲಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಬೋರ್ಡನ್ನು ಮಲಗಿಸಿ ತಿರುಪು ಬಿಚ್ಚಿದರು. ಟೇಪು ಹಿಡಿದು ನನ್ನ ಭುಜ ಅಳೆದು, ಅದಕ್ಕಿಂತ ಒಂಚೂರು ಅಗಲಕ್ಕೆ ಅಂತರ ಇಟ್ಟರು. ಪಾದಗಳು ಬಾತುಕೋಳಿಯ ಹಾಗೆ ಸ್ವಲ್ಪ ಹೊರಕ್ಕೆ ತಿರುಗಿರಬೇಕಂತೆ, ಮುಂದಿನ ಪಾದ ಇನ್ನೂ ಸ್ವಲ್ಪ ಹೆಚ್ಚು. ಬಗ್ಗಿದಾಗ ಮಂಡಿ ಕಾಲ್ಬೆರಳಿನ ನೇರಕ್ಕೇ ಬರಬೇಕಂತೆ. ಅವರು ಕೋನ ನೋಡುತ್ತ ಕೂತರು, ನಾನು ಅವತ್ತಿನ ರೊಟ್ಟಿಯನ್ನು ಅಡುಗೆಮನೆಯಲ್ಲಿ ನಿಂತೇ ತಿಂದೆ.

ಇನ್ನು ಉಳಿದದ್ದು ಯಾವ ಕಾಲು ಮುಂದೆ ಎಂಬುದು. ಸಹಜವಾಗಿ ಯಾವುದು ಮೊದಲು ಬರುತ್ತದೋ ಅದೇ ಎಂದು ಎಲ್ಲೋ ಓದಿದ್ದರು. ನನ್ನನ್ನು ಗ್ಯಾರೇಜಿಗೆ ಕಳಿಸಿ, ಒಳಬಾಗಿಲಲ್ಲಿ ನಿಂತು, 'ಏನೂ ವಿಚಾರ ಮಾಡಬ್ಯಾಡ, ಸುಮ್ನ ಒಳಗ ಬಾ' ಅಂದರು. ಬಂದೆ. 'ಬಲಗಾಲು. ಮುಗೀತು' ಎಂದವರೇ ತಿರುಪು ಬಿಗಿದುಬಿಟ್ಟರು.

ಮರುದಿನ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಕೊರೆಯುವ ಚಳಿಯಲ್ಲಿ, ಚಿಕ್ಕ ಮಕ್ಕಳು ಕಲಿಯುವ ಇಳಿಜಾರಿಗೆ ಹೋದೆವು. ಬಿದ್ದೆ. ಎದ್ದು ಬಿದ್ದೆ. ಏಳುವ ಮುಂಚೆಯೂ ಬಿದ್ದೆ. ಇವರು ಬೇಲಿಯಾಚೆ ಕಾಫಿ ಹಿಡಿದುಕೊಂಡು, 'ನಾ ಕೂಡ್ಸಿದ್ದು ಬರೋಬ್ಬರಿ ಐತಿ, ನೀನ ಬರೋಬ್ಬರಿ ನಿಂತಿಲ್ಲ' ಎನ್ನುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನಿಸಿಕೊಳ್ಳಬಾರದೆಂದು ನಾನೂ ಮತ್ತೆ ಮತ್ತೆ ಎದ್ದು ನಿಂತೆ. ಕಡೆಗೆ ಅಲ್ಲಿ ಕಲಿಸುವ ಹುಡುಗಿಯೊಬ್ಬಳು ಬಂದು, ಬೋರ್ಡು ಬಿಚ್ಚಿಸಿ, ಸಮತಟ್ಟಿನಲ್ಲಿ ನಿಲ್ಲಿಸಿ, ಹೇಳದೆ ಕೇಳದೆ ಹಿಂದಿನಿಂದ ಮೆತ್ತಗೆ ತಳ್ಳಿದಳು. ಎಡಗಾಲು ಮುಂದೆ ಬಂತು. ಇನ್ನೊಮ್ಮೆ ತಳ್ಳಿದಳು, ಮತ್ತೆ ಎಡಗಾಲೇ.

ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಧಾರವಾಡದಲ್ಲಿ ನಾನು ಎಡಗಾಲಿಟ್ಟು ಹೊಸಿಲು ದಾಟಿದರೆ ನಮ್ಮವ್ವ ವಾಪಸು ಹೊರಗೆ ಕಳಿಸುತ್ತಿದ್ದಳು. ಆಮೇಲೆ ಈ ಜನ್ಮದಲ್ಲಿ ಯಾವ ಮನೆಯೊಳಕ್ಕೂ ಎಡಗಾಲು ಮೊದಲಿಟ್ಟವಳಲ್ಲ ನಾನು. ಇವರು ನೋಡಿದ್ದು ನನ್ನ ಸಹಜವನ್ನಲ್ಲ, ನಮ್ಮವ್ವನ ಶಿಸ್ತನ್ನು. ಹಿಮದಲ್ಲೇ ಮೊಣಕಾಲೂರಿ, ಬೆರಳು ಮರಗಟ್ಟಿದರೂ ಬಿಡದೆ ಎಡ ಬಲ ಅದಲುಬದಲು ಮಾಡಿದರು. ಆಮೇಲೆ ಬೇಲಿಯ ತನಕ ಬೀಳದೆ ಬಂದೆ ಮಾರಾಯ್ತಿ. ಅಷ್ಟು ಖುಷಿ ಎಷ್ಟೋ ದಿನದಿಂದ ಆಗಿರಲಿಲ್ಲ. ನಿನಗೆ ಹೇಳಬೇಕು ಎಂದು ಫೋನ್ ತೆಗೆದು, ಮತ್ತೆ ಜೇಬಿಗೇ ಹಾಕಿಕೊಂಡೆ.

ಈಗ ನೇರವಾಗಿ ಕೇಳುತ್ತೇನೆ. ಆಗಸ್ಟಿನಲ್ಲಿ ನಿನ್ನದೂ ನಮ್ಮ ಅನುಜನದೂ ಡಿವೋರ್ಸ್ ಮುಗಿಯಿತು. ಅವನು ನನ್ನ ಮಗ, ಬಿಡಲಾರೆ. ಯಾರದು ಸರಿ ಎಂದು ತೂಗಲೂ ಹೋಗುವುದಿಲ್ಲ. ಆದರೆ ನೀನು ನನ್ನ ಜೊತೆಗೂ ಮುಗಿಸಿದೆಯಾ ಎಂಬುದು ನನಗೆ ತಿಳಿಯಬೇಕು. ಫೆಬ್ರವರಿಯಲ್ಲಿ ಒಂದು ಶನಿವಾರ ಬಾ. ಅನುಜನ ಕೆಲಸ ಈಗ ಸಿಯಾಟಲ್‌ನಲ್ಲಿ. ನಿನ್ನನ್ನು ಕರೆಯುತ್ತೇನೆ ಎಂದದ್ದಕ್ಕೆ 'ಯುವರ್ ಚಾಯ್ಸ್, ಅಮ್ಮಾ' ಅಂದ, ಸಿಟ್ಟು ಮಾಡಲಿಲ್ಲ. ಐದು ಗಂಟೆ ಡ್ರೈವ್ ಜಾಸ್ತಿಯಾದರೆ ನಾನೇ ಅತ್ತ ಬರುತ್ತೇನೆ. ಬೈಂಡಿಂಗಿನ ಪಟ್ಟಿ ಇನ್ನೂ ಕಣಕಾಲಿಗೆ ಒತ್ತುತ್ತಿದೆ, ಇವರ ಕೈಗೆ ಮತ್ತೆ ಕೊಡುವ ಧೈರ್ಯವಿಲ್ಲ.

ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು. ತಣ್ಣಗಿರು ಎಂದು ಹರಸುವುದು ನಮ್ಮ ವಾಡಿಕೆ, ನಿಮ್ಮ ಶಿಕಾಗೋ ಗಾಳಿಗೆ ಬೆಚ್ಚಗಿರು ಎನ್ನುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನಗೆ ಒಳ್ಳೆಯದೇ ಮಾಡಲಿ.

ನಿನ್ನ,
ಶ್ರೀಲತಾ

ತಾ.ಕ.: 'ನಿನ್ನ' ಎಂದು ಬರೆದು, ಮುಂದೆ ಏನು ಬರೆಯಬೇಕೋ ತಿಳಿಯದೆ ಹೆಸರು ಹಾಕಿದೆ. ನಿನ್ನ ಮೆಸೇಜು 'ಡಿಯರ್ ಶ್ರೀಲತಾ ಆಂಟಿ' ಎಂದು ಶುರುವಾಗಿತ್ತು. ಉತ್ತರ ತಡವಾದದ್ದು ನಿಜವಾಗಿ ಅದಕ್ಕೇ. ಇಲ್ಲಿ ಬಾಲಾಜಿ ಗುಡಿಯಿಂದ ಇಂಡಿಯನ್ ಸ್ಟೋರಿನ ತನಕ ಎಲ್ಲರಿಗೂ ನಾನು ಆಂಟಿಯೇ, ವಿನಿತಾ. ಅತ್ತೆ ಎಂದು ಕರೆಯುತ್ತಿದ್ದವಳು ನೀನೊಬ್ಬಳೇ. ಬರಲು ಆಗದಿದ್ದರೆ ಬರಬೇಡ. ಆಂಟಿ ಎಂದು ಮಾತ್ರ ಕರೆಯಬೇಡಮ್ಮ.