ಕುಂಕುಮ ಕುಡಿದ ಮೆಷಿನ್

ಚಿಕ್ಕಪ್ಪಾ,

ಮಣ್ಣು ಸೇರಿದ ನಿನಗೆ ಇದು ತಲುಪುವುದಿಲ್ಲ. ಬೇರೆಯವರಿಗೆ ಹೇಳಲು ನಾಚಿಕೆ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಹಲಗೆ ಕೊಯ್ಯಲು ಮೆಟ್ಟೂರಿನಿಂದ ಹೊಸ ಮೆಷಿನ್ ಗರಗಸ ತಂದೆ. ಪೂಜೆ ಮಾಡಿ, ಗಾಳಿ ಎಳೆಯುವ ಕಿಂಡಿಗೇ ಕುಂಕುಮ ಮೆತ್ತಿದೆ. ಮರಕ್ಕೆ ಇಟ್ಟರೆ ಕೆಮ್ಮಿ ನಿಂತಿತು. ಮಧ್ಯಾಹ್ನದವರೆಗೆ ಕಾರ್ಬುರೇಟರ್ ಸ್ಕ್ರೂ ತಿರುಗಿಸುತ್ತ, ಮಾರಿದವನನ್ನು ಬೈಯುತ್ತ ಕೂತೆ. ಕೊನೆಗೆ ನನ್ನ ಹೆಂಡತಿ ಭುವನಾ ಫಿಲ್ಟರ್ ಬಿಚ್ಚಿ ಕೆಂಪು ಪುಡಿ ಕೊಡವಿದಳು.

"ಸದ್ದಲ್ಲೇ ಗೊತ್ತಾಗಲ್ವಾ, ಉಸ್ರು ಕಟ್ಟೈತೆ ಅಂತ? ಕಿವಿ ಕೇಳ್ಸಲ್ವಾ ನಿಮ್ಗೆ?"

ಹೊಸ ಎಂಜಿನ್ನನ್ನು ಮೆಲ್ಲಗೆ ಪಳಗಿಸು, ಸದ್ದು ಕೇಳಿ ಸ್ಕ್ರೂ ತಿರುಗಿಸು ಎನ್ನುತ್ತಿದ್ದೆ ನೀನು. ನಾಲ್ಕು ಜನರ ಮುಂದೆ ನಿನ್ನನ್ನು ಕಿವುಡ ಎಂದು ಓಡಿಸಿದವನು ನಾನು. ಥೂ.

ಸ್ಕ್ರೂಗಳನ್ನು ಮೊದಲಿನ ಜಾಗಕ್ಕೆ ತಂದ ಮೇಲೆ ಮೆಷಿನ್ ಚೆನ್ನಾಗಿ ಓಡಿತು; ದಿಮ್ಮಿ ಕೊಯ್ದು ಮುಗಿಸಿದೆ. ಸದ್ದು ಸರಿಯಾ ಎಂದು ನಿನ್ನನ್ನು ಕೇಳಲು ತಿರುಗಿದೆ. ನೀನು ಕೂರುತ್ತಿದ್ದ ಹುಣಸೆ ದಿಮ್ಮಿ ಹಲಗೆಯಾಗಿ ನನ್ನ ಕಾಲ ಬಳಿ ಬಿದ್ದಿತ್ತು.