ಮೈಸೂರೋ ಕ್ಯಾಲಿಕಟ್ಟೋ

ಗುಂಡ್ಲುಪೇಟೆ
ಶನಿವಾರ, ೧೨ ಜುಲೈ ೨೦೨೫

ಪ್ರೀತಿಯ ರಂಜಿ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹೋದ ವಾರ ಫೋನಿನಲ್ಲಿ ಮಾತಾಡುತ್ತ ಎರಡು ಸಲ ಉಸಿರು ಬಿಗಿಹಿಡಿದೆ, ನನಗೆ ಕೇಳಿಸಿತು. ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಅವರ ಸೊಸೆಯನ್ನು ಕೂಗು. ಮೂರು ಹೊತ್ತೂ ಅನ್ನವೇ ತಿಂದು ನಿನಗೆ ಒಗ್ಗುತ್ತಿದೆಯೋ ಇಲ್ಲವೋ. ನಾನು ಚೆನ್ನಾಗಿದ್ದೇನೆ. ಹರದನಹಳ್ಳಿಯಲ್ಲಿ ಅವ್ವನೂ ಗಟ್ಟಿಯಾಗಿದ್ದಾಳೆ, ಬೇಡವೆಂದರೂ ಚೆಂಡುಹೂ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಫೋನ್ ಇರುವಾಗ ಈ ಮನುಷ್ಯನಿಗೆ ಕಾಗದ ಬರೆಯುವ ಚಪಲ ಏಕೆ ಎಂದು ನಿನಗೆ ಅನ್ನಿಸಬಹುದು. ಸಂಜೆ ನಿನಗೆ ಸಿಗುವ ಹತ್ತು ನಿಮಿಷ ‘ಊಟ ಆಯ್ತಾ, ಮಳೆ ಬಂತಾ’ ಎನ್ನುವುದರಲ್ಲೇ ಮುಗಿದುಹೋಗುತ್ತದೆ. ನೀನು ದೀಪಾವಳಿಗೆ ಬಂದು ಹೋದ ಮೇಲೆ ಎಂಟು ತಿಂಗಳಿಂದ ನಾವು ಮಾತಾಡಿದ್ದೆಲ್ಲ ಅಷ್ಟೇ. ಇವತ್ತಿನ ವಿಷಯ ಹತ್ತು ನಿಮಿಷದ್ದಲ್ಲ.

ಡಿಪ್ಲೊಮಾ ಪಾಸಾದದ್ದನ್ನು ಹೇಳಿದ್ದೆ. ಅಂಕಪಟ್ಟಿ ಕೈಗೆ ಬಂದ ದಿನದ ಕಥೆ ಹೇಳಿರಲಿಲ್ಲ. ಕ್ಲಾಸಿನ ಹುಡುಗರೆಲ್ಲ ಬೈಕ್ ಹತ್ತಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟರು. ‘ಅಂಕಲ್, ನೀವೂ ಬನ್ನಿ’ ಎಂದು ಮನಸ್ಸಿನಿಂದಲೇ ಕರೆದರು. ನಾನು ಮಂಡಿ ನೋವೆಂದು ತಪ್ಪಿಸಿಕೊಂಡು ಮನೆಗೆ ಬಂದೆ. ಬಂದರೆ, ತೋರಿಸುವುದಕ್ಕೆ ಯಾರೂ ಇಲ್ಲ. ಕೊನೆಗೆ ಮನೆ ಮಾಲೀಕರು ನಿಂಗಯ್ಯನವರ ಬಾಗಿಲು ತಟ್ಟಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಮೇಲಿಂದ ಕೆಳಗೆ ಓದಿ, ಇದು ಯಾವುದರ ಬಿಲ್ಲಪ್ಪ ಎಂದು ಕೇಳಿದರು. ಅವರದೇನು ತಪ್ಪು? ನಲವತ್ತೆರಡು ವರ್ಷದವನ ಕೈಯಲ್ಲಿ ಬಿಲ್ಲಲ್ಲದೆ ಮತ್ತೇನು ಇರುತ್ತದೆ. ಆಮೇಲೆ ತಿಳಿದು ನಾಚಿಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟರು. ಅವತ್ತು ನಿನ್ನ ಮಾತು ಬಹಳ ನೆನಪಾಯಿತು. ತರಕಾರಿ ಲಾರಿ ಮಗುಚಿ ಮಂಡಿ ಪುಡಿಯಾಗಿ ನಾನು ಎಂಟು ತಿಂಗಳು ಹಾಸಿಗೆಯಲ್ಲಿದ್ದಾಗ, ಇನ್ನು ಸ್ಟೇರಿಂಗ್ ಹಿಡಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ ಸಾಯಂಕಾಲ, ನೀನು ನನ್ನ ಕಾಲು ಒತ್ತುತ್ತ ಹೇಳಿದ್ದೆ: ‘ಕಾಲು ಓದ್ರೆ ಓಯ್ತು ಬುಡಿ, ತಲೆ ನೆಟ್ಟಗದಲ್ಲ. ಓಗಿ ಓದಿ. ದುಡಿಯೋದು ನಾನು ನೋಡ್ಕತೀನಿ.’ ಪಿಯುಸಿ ಮುಗಿಸಿ ಇಪ್ಪತ್ತೆರಡು ವರ್ಷವಾದವನನ್ನು ಇಲ್ಲಿನ ಸಮುದಾಯ ಕಾಲೇಜಿಗೆ ಸೇರಿಸಿ, ಅದೇ ತಿಂಗಳು ನೀನು ಬ್ಯಾಗು ಹಿಡಿದು ಕ್ಯಾಲಿಕಟ್ ಬಸ್ಸು ಹತ್ತಿದೆ. ನಾನು ಎರಡು ವರ್ಷ ಮಣ್ಣು ಪರೀಕ್ಷೆ ಕಲಿತೆ. ನಾನು ಲಾರಿಯಲ್ಲಿ ತುಳಿದುಕೊಂಡು ಓಡಾಡಿದ ಈ ಮಣ್ಣಿನಲ್ಲಿ ಏನೇನಿದೆ ಎಂದು ಈಗ ಗೊತ್ತು.

ಈಗ ಡಿಗ್ರಿಯ ಮಾತು. ನಮ್ಮ ಮೃತ್ಯುಂಜಯ ಸರ್ ಹೇಳಿದ ಹಾಗೆ ಎರಡು ಕಡೆ ಅರ್ಜಿ ಹಾಕಿದ್ದೆ, ಎರಡು ವಿಶ್ವವಿದ್ಯಾಲಯಗಳೂ ಸೀಟು ಕೊಡುತ್ತೇವೆ ಎಂದಿವೆ. ಒಂದು ಮೈಸೂರಿನಲ್ಲಿ, ಒಂದು ಕ್ಯಾಲಿಕಟ್ಟಿನಲ್ಲಿ. ಮೈಸೂರಿನವರು ನಾನು ಓದಿದ ಎರಡು ವರ್ಷವನ್ನೂ ಲೆಕ್ಕಕ್ಕೆ ಹಿಡಿದು ನೇರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ. ಕ್ಯಾಲಿಕಟ್ಟಿನವರು ಒಂದೇ ವರ್ಷ ಒಪ್ಪುತ್ತಾರೆ, ಎರಡನೇ ವರ್ಷವನ್ನು ಮತ್ತೆ ಓದಬೇಕು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ಅಲ್ಲಿ ನೀನಿದ್ದೀಯ. ಮೃತ್ಯುಂಜಯ ಸರ್‌ಗೆ ಇಪ್ಪತ್ತೊಂಬತ್ತು ವಯಸ್ಸು, ನಾನು ಎದ್ದು ನಿಂತರೆ ಇವತ್ತಿಗೂ ಮುಜುಗರಪಡುತ್ತಾರೆ. ಅವರು ಮೈಸೂರು ಎಂದರು, ಈ ವಯಸ್ಸಿನಲ್ಲಿ ಒಂದು ವರ್ಷ ಎಂದರೆ ಒಂದು ವರ್ಷ ಅಣ್ಣ ಎಂದರು. ಭಾನುವಾರ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. ಅವಳಿಗೆ ಸೀಟು, ಸೆಮಿಸ್ಟರು ಏನೂ ಬೇಕಿರಲಿಲ್ಲ. ಹೂವಿನ ಕರೆ ಹಿಡಿದ ಬೆರಳುಗಳನ್ನು ತೊಳೆದುಕೊಳ್ಳುತ್ತ, ತಲೆ ಎತ್ತದೆ, ‘ಓದು ಎಲ್ಲಿ ಓದುದ್ರೂ ಓದೇ ಕಣ್ಲಾ. ಎಂಡ್ತಿ ಇರೋ ತಾವ್ಕೆ ಓಗು’ ಎಂದಳು. ನನ್ನ ಮನಸ್ಸಿನಲ್ಲೂ ಅದೇ ಇತ್ತು ರಂಜಿ. ಇಂಗ್ಲಿಷಾದರೂ ಸರಿ, ಒಂದು ವರ್ಷ ಹೋದರೂ ಸರಿ ಎಂದುಕೊಂಡಿದ್ದೆ.

ಆದರೂ ಎರಡನ್ನೂ ಕಣ್ಣಲ್ಲಿ ನೋಡಿಯೇ ತೀರ್ಮಾನ ಮಾಡೋಣವೆಂದು ಮಂಗಳವಾರ ಮೈಸೂರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನ ಕಾಗದಪತ್ರ ತಿರುವಿಹಾಕಿ, ಮಗನನ್ನು ಕರೆಯಿರಿ, ಸಹಿ ಅವರೇ ಹಾಕಬೇಕು ಎಂದಳು. ಮಕ್ಕಳಿಲ್ಲಮ್ಮ, ನಾನೇ ಎಂದೆ. ಹಿಂದೆ ಸಾಲಿನಲ್ಲಿದ್ದವರು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ನಿನಗೂ ನನಗೂ ಮಾತ್ರ ಗೊತ್ತಿರುವ ಜಾಗಕ್ಕೆ ಆ ಮಾತು ತಗುಲಿತು, ಅವಳಿಗೇನು ಗೊತ್ತು ಪಾಪ. ದಾಖಲೆ ನೋಡಿದ್ದಕ್ಕೆ ಅವರ ಪುಸ್ತಕದಲ್ಲಿ ಸಹಿ ಹಾಕುವಾಗ ನನ್ನ ಹೆಸರೇ ಉದ್ದವಾಯಿತು ಎನ್ನಿಸಿತು. ಹಾಸ್ಟೆಲಿನಲ್ಲಿ ಈ ವಯಸ್ಸಿನವರಿಗೆ ಜಾಗವಿಲ್ಲವಂತೆ, ಹಾಗಾಗಿ ಇಲ್ಲಿಂದಲೇ ದಿನಾ ಬೆಳಗಿನ ಬಸ್ಸಿಗೆ ಹೋಗಿಬರಬೇಕು. ಲ್ಯಾಬು ದೊಡ್ಡದಾಗಿದೆ, ಚೊಕ್ಕಟವಾಗಿದೆ. ಗುರುವಾರ ಕ್ಯಾಲಿಕಟ್ಟಿಗೂ ಬಂದಿದ್ದೆ. ಹೌದು, ಬಂದಿದ್ದೆ. ಮುಂಚೆ ಹೇಳಲಿಲ್ಲ, ಬೈಯಬೇಡ. ಆಫೀಸಿನವರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟು ಎಲ್ಲ ತಿಳಿಸಿದರು. ಅಲ್ಲಿ ಕೆಲಸ ಹನ್ನೊಂದಕ್ಕೇ ಮುಗಿಯಿತು. ನಿನಗೆ ಕೆಲಸದ ಹೊತ್ತು, ತೊಂದರೆ ಕೊಡುವುದು ಬೇಡವೆಂದು ಬತ್ತೇರಿ ಬಸ್ಸು ಹಿಡಿದು ವಾಪಸ್ಸು ಬಂದೆ.

ಅಂತೂ ಮೈಸೂರೇ ಎಂದು ತೀರ್ಮಾನ ಮಾಡಿದ್ದೇನೆ. ಒಂದು ವರ್ಷ ಉಳಿಯುತ್ತದೆ, ಪಾಠ ಅರ್ಥವಾಗುತ್ತದೆ, ಅವ್ವನೂ ಹತ್ತಿರವಿರುತ್ತಾಳೆ. ಸೋಮವಾರ ಕೊನೆಯ ದಿನ, ನಿನ್ನೆಯೇ ಸೇರಿಕೊಂಡು ಬಂದೆ. ನಿನ್ನನ್ನು ಕೇಳದೆ ಮಾಡಿದ ಮೊದಲ ಕೆಲಸ ಇದು. ಮನೆ ಹಾಗೇ ಇದೆ. ಒಬ್ಬನಿಗೇ ಮುದ್ದೆ ತೊಳಸುವ ಅಳತೆ ನನಗೆ ಇನ್ನೂ ಕೂಡಿಬಂದಿಲ್ಲ, ದಿನಾ ಒಂದು ಮಿಕ್ಕುತ್ತದೆ. ನಿಂಗಯ್ಯನವರ ಹಸು ನಿನ್ನ ಕೈಗಿಂತ ನನ್ನ ಕೈಯನ್ನೇ ಚೆನ್ನಾಗಿ ಗುರುತು ಹಿಡಿಯುತ್ತದೆ ಈಗ. ಆ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ, ಮಾದಪ್ಪ ನಿನ್ನ ಬೆನ್ನಿಗಿರಲಿ ಎಂದು ಹರಸಿದ್ದಾಳೆ. ಮೈ ಹುಷಾರು.

ನಿನ್ನ
ಮಲ್ಲಿಕಾರ್ಜುನಸ್ವಾಮಿ

ಮರೆತಿದ್ದೆ: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಪೋಸ್ಟಾಫೀಸು ಒಂದು ಗಂಟೆಗೆ ಮುಚ್ಚುತ್ತದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲಿನ ಕಾರಣಗಳು ಸುಳ್ಳಲ್ಲ, ಆದರೆ ನಿಜ ಬೇರೆ. ಗುರುವಾರ ನಾನು ನಿಮ್ಮ ಬೀದಿಗೆ ಬಂದಿದ್ದೆ. ಎದುರಿನ ಅಂಗಡಿಯ ತಗಡಿನ ಕೆಳಗೆ ನಿಂತಿದ್ದೆ. ನೀನು ಆ ಅಮ್ಮನನ್ನು ವೀಲ್‌ಚೇರಿನಲ್ಲಿ ಜಗುಲಿಗೆ ತಂದು ತಲೆ ಬಾಚುತ್ತಿದ್ದೆ. ಅವರು ಏನೋ ಅಂದರು, ನೀನು ಮಲಯಾಳದಲ್ಲಿ ಏನೋ ತಿರುಗಿ ಅಂದೆ, ಆಮೇಲೆ ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿ ನಕ್ಕೆ. ಹದಿನೈದು ವರ್ಷದಲ್ಲಿ ನೀನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನ್ನ ಮಂಚದ ಪಕ್ಕದಲ್ಲಂತೂ ಎಂಟು ತಿಂಗಳು ಒಂದು ಸಲವೂ ಇಲ್ಲ. ನಾನು ಅಲ್ಲಿಗೆ ಬಂದು ಸೇರಿದರೆ, ಆ ಅಮ್ಮನ ಕೆಲಸ ಮುಗಿಸಿ ನೀನು ಮತ್ತೆ ನನ್ನ ಕಾಲು ಒತ್ತಲು ಕೂರುತ್ತೀಯ ಎನ್ನಿಸಿತು. ಅದಕ್ಕೇ ಮೈಸೂರು. ನೀನು ಊರಿಗೆ ಬಾರದ್ದಕ್ಕೆ ನನಗೆ ಕೋಪವಿಲ್ಲ, ಯಾವಾಗ ಬರುತ್ತೀಯ ಎಂದೂ ಕೇಳುವುದಿಲ್ಲ. ಒಂದೇ ಒಂದು ಕೇಳುತ್ತೇನೆ, ಫೋನಿನಲ್ಲಿ ಹೇಳಬೇಡ, ಬರೆದು ತಿಳಿಸು. ಅಲ್ಲಿ ನಿಂತು ನಾನು ರಂಜಿ ಎಂದು ಕೂಗಿದ್ದರೆ, ನೀನು ಅದೇ ನಗುಮುಖದಲ್ಲಿ ತಿರುಗುತ್ತಿದ್ದೆಯಾ?