ಒಂದು ತಿಂಗಳು ಗುಳಿಗೆ ಬೇಡ

ಮೋಮಿನಪುರ, ಕಲಬುರಗಿ
೯ ಜನವರಿ ೨೦೨೫

ಪ್ರೀತಿಯ ಪಂಚಿ,

ನಿನಗೂ ನಿನ್ನ ಮನೆಯವರಿಗೂ ನನ್ನ ಜೈಭೀಮ್, ಸಲಾಂ ಎರಡೂ. ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಈ ನಡುವೆ ನೀನು ಸೋಲಾಪುರದಿಂದ ಮೂರು ಸಲ ಫೋನೂ ಮಾಡಿದೆ. ನಾನು ಅದು ಬಡಿದುಕೊಳ್ಳುವುದನ್ನು ನೋಡುತ್ತ ಕುಳಿತೆನೇ ಹೊರತು ಎತ್ತಲಿಲ್ಲ. "ಪಂಚಿ ಕಾ ಫೋನ್ ಹೈ, ಉಠಾ ಗೇ" ಎಂದು ಅಮ್ಮಿ ಅಡುಗೆಮನೆಯಿಂದ ಬೈದರು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಸುಳ್ಳು ಹೇಳಿಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಅದಕ್ಕೇ ಈ ಕಾಗದ. ತಡವಾಗಿದ್ದಕ್ಕೆ ಬೈದುಕೋ.

"ಅವ್ವನನ್ನು ಕೊಂದದ್ದು ಅಪ್ಪನ ಉದಾಸೀನ. ಕಾಲು ಕಪ್ಪಾಗುವ ತನಕ ಏನು ನೋಡುತ್ತಿದ್ದ? ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಆತನೊಂದಿಗೆ ಮಾತೂ ಆಡುವುದಿಲ್ಲ" ಎಂದು ಬರೆದಿದ್ದೀಯ. ಇಲ್ಲ ಪಂಚಿ, ಇಲ್ಲ. ಮಾಣಿಕಪ್ಪ ಕಾಕಾನ ತಪ್ಪು ಇದರಲ್ಲಿ ಕೂದಲೆಳೆಯಷ್ಟೂ ಇಲ್ಲ. ತಪ್ಪು ನನ್ನದು. ಹೇಗೆಂದು ಹೇಳುತ್ತೇನೆ, ಪೂರ್ತಿ ಓದು. ಓದಿದ ಮೇಲೆ ನನಗೆ ಏನು ಬೇಕಾದರೂ ಅನ್ನು, ಆದರೆ ಮೊದಲು ಆತನಿಗೆ ಫೋನು ಮಾಡು.

ಲ್ಯಾಬ್‌ನಲ್ಲಿ ನಾನು ಕೌನ್ಸೆಲರ್ ಎಂದಷ್ಟೇ ನಿನಗೆ ಹೇಳಿದ್ದೆ. ಏನು ಕೆಲಸ ಎಂದು ಬಿಡಿಸಿ ಹೇಳಲು ನಾಚಿಕೆ. ನಮ್ಮಲ್ಲಿ ಜನರ ಸಂಡಾಸ, ಅಂದರೆ ಮಲ, ಪರೀಕ್ಷೆ ಮಾಡಿಸುತ್ತಾರೆ. ಕಾಯಿಲೆಯ ಹುಳ ಹುಡುಕುವ ಹಳೆಯ ಪರೀಕ್ಷೆಯಲ್ಲ ಇದು. ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿ ಯಾವುವು, ಕೆಟ್ಟವು ಯಾವುವು, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ತಿಳಿಯುವ ಹೊಸ ಪರೀಕ್ಷೆ. ಅದನ್ನು ತುಂಬಿದ ಡಬ್ಬಿಗಳು ಹೈದರಾಬಾದಿಗೆ ಹೋಗುತ್ತವೆ. ಅದಕ್ಕೆ ಮೊದಲು ಜನರನ್ನು ತಯಾರು ಮಾಡುವುದು ನನ್ನ ಕೆಲಸ. ದಿನಾ ಏನು ಉಣ್ಣುತ್ತೀರೋ ಅದನ್ನೇ ಉಣ್ಣಿ, ಹೊಸ ಪಥ್ಯ ಬೇಡ. ಜುಲಾಬು ಬೇಡ. ಒಂದು ತಿಂಗಳು ಆ್ಯಂಟಿಬಯಾಟಿಕ್ ಗುಳಿಗೆ ಬೇಡ, ಏಕೆಂದರೆ ಅವು ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತವೆ, ಪರೀಕ್ಷೆ ಸುಳ್ಳಾಗುತ್ತದೆ.

ಸುಲಭ ಅನಿಸುತ್ತದೆ ಅಲ್ಲವೇ? ನಮ್ಮ ಜನಕ್ಕೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಉಡುವ ಮಂದಿ. ನೆಹರು ಗಂಜಿನ ಬೇಳೆ ವ್ಯಾಪಾರಿ ಕಲ್ಯಾಣಪ್ಪ ಮೂರು ದಿನ ಬರೀ ಗಂಜಿ ಕುಡಿದು, ಹಿಂದಿನ ದಿನ ಹರಳೆಣ್ಣೆಯನ್ನೂ ಕುಡಿದು ಬಂದಿದ್ದರು. "ಹೊಲಸು ಕೊಟ್ರ ಲ್ಯಾಬಿನವ್ರು ಏನಂತಾರ್ರೀ ಮೇಡಂ? ಪೂರಾ ಸ್ವಚ್ಛ ಮಾಡ್ಕೊಂಡು ತಂದೀನಿ ನೋಡ್ರಿ" ಎಂದು ಡಬ್ಬಿ ಮುಂದಿಟ್ಟರು. ಒಳಗೆ ಬರೀ ನೀರು. ಕೋಟನೂರಿನ ಇಮಾಮಬಿ ಡಬ್ಬಿಯ ಮೇಲೆ ತನ್ನ ಹೆಸರು ಬರೆಯಲಿಕ್ಕೇ ಬಿಡಲಿಲ್ಲ. "ನಂದ್ ಬ್ಯಾಡವ್ವ, ನಮ್ಮ ಸೊಸೀದು ಬರಿ" ಅಂದಳು. ಈ ಕತೆ ಹೇಳಿದಾಗ ನಿಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು.

ಇಂಗ್ಲಿಷಿನ ಸೂಚನೆ ಎರಡು ಹಾಳೆಯದು. ಯಾರೂ ಓದುವುದಿಲ್ಲ. "ಕನ್ನಡದಲ್ಲಿ ಒಂದೇ ಹಾಳೆ ಮಾಡಿ, ಅಕ್ಷರ ದೊಡ್ಡವಿರಲಿ" ಎಂದರು ನಮ್ಮ ಲ್ಯಾಬಿನ ಸರ್. ಕಮಲಾಪುರದ ಕನ್ನಡ ಶಾಲೆಯಲ್ಲಿ ನಿನ್ನ ಪಕ್ಕ ಕುಳಿತು ಕಲಿತವಳಲ್ಲವೇ ನಾನು, ಎರಡು ದಿನ ಕುಳಿತು ಬರೆದೆ. ಇಂಗ್ಲಿಷಿನಲ್ಲಿ ಕಡೆಗೆ ಒಂದು ಸಾಲಿತ್ತು. ಡಾಕ್ಟರು ಕೊಟ್ಟ ಔಷಧವನ್ನು ಈ ಪರೀಕ್ಷೆಗಾಗಿ ನಿಲ್ಲಿಸಬೇಡಿ, ಪರೀಕ್ಷೆಯನ್ನೇ ಮುಂದೆ ಹಾಕಿ ಎಂದು. ಅದು ನನ್ನ ಹಾಳೆಯಲ್ಲಿ ಹಿಡಿಯಲಿಲ್ಲ. ಸೇರಿಸಿದರೆ ಅಕ್ಷರ ಸಣ್ಣದಾಗುತ್ತಿತ್ತು. ಇದು ಯಾರಿಗೆ ತಿಳಿಯದ ಮಾತು, ಬಾಯಲ್ಲಿ ಹೇಳಿದರಾಯಿತು ಎಂದು ಕೈಬಿಟ್ಟೆ. ಆ ಜಾಗದಲ್ಲಿ ಲ್ಯಾಬಿನ ಫೋನ್ ನಂಬರ್ ಹಾಕಿದೆ. ಬಾಯಲ್ಲಿ ಎಲ್ಲರಿಗೂ ಹೇಳುತ್ತಲೂ ಇದ್ದೆ, ಖರೆ ಹೇಳುತ್ತೇನೆ. ನಿಮ್ಮವ್ವನಿಗೆ ಮಾತ್ರ ಹೇಳಲಿಲ್ಲ.

ನವೆಂಬರ್ ಮೂರು, ಭಾನುವಾರ. ಡಬ್ಬಿಗಳ ಚೀಲ ಹೊತ್ತು ಕಮಲಾಪುರಕ್ಕೆ ಹೋದೆ. ಹೋದ ತಕ್ಷಣ ಅವ್ವ ಕೆಂಪು ಬಾಳೆಹಣ್ಣು ಕೈಗೆ ಕೊಟ್ಟು, ರೊಟ್ಟಿ ಬಡಿಯಲು ಕುಳಿತಳು. ಎಡಗಾಲಿಗೆ ಪಟ್ಟಿ ಇತ್ತು. "ಏನವ್ವ ಇದು?" ಅಂದೆ. "ಹೊಲದಾಗ ಮುಳ್ಳು ಚುಚ್ಚೇದ. ದವಾಖಾನ್ಯಾಗ ಪಟ್ಟಿ ಕಟ್ಯಾರ, ಗುಳಗಿ ಕೊಟ್ಟಾರ" ಅಂದಳು. ನೋಡು, ಎಲ್ಲ ಹೇಳಿದ್ದಳು. ಆಕೆಗೆ ಸಕ್ಕರೆ ಕಾಯಿಲೆ ಇದ್ದದ್ದೂ ನನಗೆ ಗೊತ್ತು. ನಾನು ಹಾಳೆ ಓದಿ ಹೇಳಿದೆ. ರೊಟ್ಟಿ ಬಿಟ್ಟು, ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟು ಶಾಲೆ ಮಕ್ಕಳ ಹಾಗೆ ಕೇಳಿದಳು.

"ಸಕ್ಕರಿ ಗುಳಗಿ ತಗೋಬಹುದಲ್ಲವಾ?"

"ಅದು ತಗೋ ಅವ್ವ."

"ಮತ್ತ ಈ ಕಾಲಿಂದು? ಹತ್ತು ದಿನ ನುಂಗು ಅಂದಾರ. ಮೂರು ದಿನ ಆಗ್ಯದ."

ನಾನು ಮುಂದಿನ ಮನೆಯವರ ಹೆಸರು ಬರೆದುಕೊಳ್ಳುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ. "ಅದು ಬ್ಯಾಡ ಅವ್ವ. ಒಂದು ತಿಂಗಳ ಬ್ಯಾಡ" ಅಂದೆ.

"ಆತು ಬಿಡು. ನೀ ಹೇಳಿದ ಮ್ಯಾಲ ಮುಗೀತು" ಅಂದಳು. ಇಷ್ಟೇ ಪಂಚಿ. ಒಬ್ಬ ಹೆಂಗಸನ್ನು ಕೊಲ್ಲಲು ಇಷ್ಟೇ ಮಾತು ಸಾಕಾಯಿತು. ಆಮೇಲೆ ನಾನು ಎರಡು ಬಿಸಿ ರೊಟ್ಟಿ ತಿಂದು ಎದ್ದೆ.

ಮುಂದಿನದನ್ನು ಕಾಕಾ ಹೇಳಿದ್ದು. ವಾರದೊಳಗೆ ಜ್ವರ ಬಂತಂತೆ. "ಗುಳಗಿ ನುಂಗು, ಹಟ ಮಾಡಬ್ಯಾಡ" ಎಂದು ಈತ ದಿನಾ ಕಾಡಿದ್ದಾನೆ. ಆಕೆ, "ಮದಿಹಾ ಬ್ಯಾಡ ಅಂದಾಳ, ಆಕಿ ಕಲ್ತಾಕಿ" ಎಂದು ಬಾಯಿ ಮುಚ್ಚಿಸಿದ್ದಾಳೆ. ನನಗೆ ಫೋನು ಮಾಡುತ್ತೇನೆಂದರೆ, "ಆಕೀಗಿ ನೂರು ಕೆಲಸ ಇರ್ತಾವ, ಸುಮ್ನಿರು" ಅಂದಿದ್ದಾಳೆ. ದವಾಖಾನೆಗಾದರೂ ನಡಿ ಎಂದದ್ದಕ್ಕೆ ಏನಂದಳು ಗೊತ್ತೇ? "ಅಲ್ಲಿಗಿ ಹೋದ್ರ ಮತ್ತ ಅದೇ ಗುಳಗಿ ಕೊಡ್ತಾರ. ದಿನ ಮತ್ತ ಮೊದ್ಲಿಂದ ಎಣಿಸಬೇಕಾಗ್ತದ. ಹುಡುಗಿ ಕೆಲಸ ಕೆಡ್ತದ." ಗಾಯಕ್ಕೆ ಅರಿಶಿನ ಮೆತ್ತಿ, ಹಳೆ ಬಟ್ಟೆ ಬಿಗಿದು, ಮೇಲೆ ಸೀರೆ ಇಳಿಬಿಟ್ಟು, ಆರುತ್ತ ಬಂದಿದೆ ಎಂದು ಗಂಡನಿಗೆ ಸುಳ್ಳು ಹೇಳಿದಳು. ಜೀವಮಾನದಲ್ಲಿ ಒಂದೂ ಸುಳ್ಳು ಹೇಳದವಳು, ನನ್ನ ಕೆಲಸ ಕೆಡಬಾರದೆಂದು ಹೇಳಿದಳು.

ಹದಿನಾಲ್ಕನೇ ತಾರೀಖು ಕಾಕಾ ಆಕೆಯ ಮಾತು ಕೇಳದೆ ಬಟ್ಟೆ ಬಿಚ್ಚಿದ. ಅಲ್ಲಿ ನೋಡಬಾರದ್ದನ್ನು ನೋಡಿದ. ಆಗಿಂದಾಗಲೇ ಜೀಪು ಹಿಡಿದು ಕಲಬುರಗಿಗೆ ತಂದ. ಸುದ್ದಿ ತಿಳಿದು ನಾನು ದವಾಖಾನೆಗೆ ಓಡಿದೆ. ನಂಜು ರಕ್ತಕ್ಕೇರಿದೆ ಎಂದರು. ಡಾಕ್ಟರಮ್ಮ ಸಿಟ್ಟಿನಿಂದ, "ಗುಳಗಿ ಅರ್ಧಕ್ಕ ಯಾಕ ಬಿಟ್ರಿ? ಯಾರು ಹೇಳಿದ್ರು ಬಿಡಾಕ?" ಎಂದು ಕೇಳಿದರು. ನಾನು ಮಂಚದ ಕಾಲ ಬಳಿಯೇ ನಿಂತಿದ್ದೆ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. "ಯಾರೂ ಹೇಳಿಲ್ಲರೀ ಡಾಕ್ಟರಬಾಯಿ. ಕಹಿ ಇದ್ವು, ನಾನೇ ಬಿಟ್ಟೀನಿ" ಅಂದಳು.

ನಾನು ಹೇಳಿದ್ದು ಎಂದು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಹೇಳಿದ್ದರೆ ಆಕೆ ಉಳಿಯುತ್ತಿದ್ದಳು ಎಂದಲ್ಲ, ಆದರೆ ಆ ಸುಳ್ಳನ್ನು ಹೊತ್ತು ಸಾಯುವುದಾದರೂ ತಪ್ಪುತ್ತಿತ್ತು. ಹದಿನಾರರ ಮಧ್ಯಾಹ್ನ, ಎಚ್ಚರ ತಪ್ಪುವ ಮೊದಲು ನನ್ನ ಕೈ ಹಿಡಿದು, "ಇನ್ನ ಎಷ್ಟು ದಿನ ಉಳದಾವ ಮದಿಹಾ?" ಎಂದಳು. ತಿಂಗಳು ತುಂಬಲು ಎಷ್ಟು ದಿನ ಎಂದು ಕೇಳುತ್ತಿದ್ದಾಳೆ! "ಮುಗದಾವ ಅವ್ವ, ಎಲ್ಲಾ ಮುಗದಾವ" ಅಂದೆ. ನೀನು ಬರುವಷ್ಟರಲ್ಲಿ ಆಕೆ ಹೋಗಿದ್ದಳು. ನೀನು ನನ್ನನ್ನು ತಬ್ಬಿ, "ನೀ ಇದ್ದಿ ಅಂತ ಅವ್ವ ಒಬ್ಬಾಕಿ ಆಗ್ಲಿಲ್ಲ" ಎಂದು ಅತ್ತೆ. ನಾನು ನಿನ್ನ ತೋಳು ಬಿಡಿಸಿಕೊಂಡು ನೀರು ತರುವ ನೆವದಲ್ಲಿ ಹೊರಗೆ ಹೋದೆ, ನೆನಪಿದೆಯೇ?

ನೀನು ಸೋಲಾಪುರಕ್ಕೆ ಹೋದ ಮೇಲೆ ಕಾಕಾನ ಮುಂದೆ ಕುಳಿತು ಎಲ್ಲ ಒಪ್ಪಿಕೊಂಡೆ. ಆತನಿಗೆ ಮೊದಲೇ ಗೊತ್ತಿತ್ತಲ್ಲ. "ಪಂಚೀಗಿ ಹೇಳಬ್ಯಾಡವ್ವ" ಅಂದ. "ಆಕೀ ಅವ್ವ ಹೋದ್ಲು, ಇನ್ನ ಗೆಳತೀನೂ ಹೋಗೋದು ಬ್ಯಾಡ. ಸಿಟ್ಟು ನನ್ನ ಮ್ಯಾಲಿರ್ಲಿ. ನಾ ತಡೀತೀನಿ." ತಡೆಯುತ್ತಿಲ್ಲ ಪಂಚಿ. ಹೋದ ವಾರ ಹೋಗಿದ್ದೆ. ಎದೆಯ ಎಲುಬು ಎಣಿಸುವ ಹಾಗೆ ಇಳಿದಿದ್ದಾನೆ. ತಾಟಿನ ಪಕ್ಕ ಫೋನು ಇಟ್ಟುಕೊಂಡು ಉಣ್ಣುತ್ತಾನೆ. ಸಂಜೆ ಐದಾದಾಗ, "ಈಗ ಪಂಚಿ ಕಲಿಸೋ ಶಾಲಿ ಬಿಟ್ಟಿರ್ತದ" ಎಂದು ಫೋನಿನ ಕಡೆ ನೋಡಿ, ತುತ್ತು ಹಾಗೇ ಬಿಟ್ಟು ಕೈ ತೊಳೆದ. ಅದನ್ನು ನೋಡಿದ ಮೇಲೆ ಆತನಿಗೆ ಕೊಟ್ಟ ಮಾತು ಮುರಿಯುವುದೇ ಸರಿ ಅನಿಸಿತು.

ಲ್ಯಾಬಿನಲ್ಲಿ ಸರ್ ಹತ್ತಿರವೂ ಹೇಳಿದೆ. "ಒಪ್ಪಿಗಿ ಫಾರ್ಮಿನ ಮ್ಯಾಲ ಆಕೀ ಹೆಬ್ಬೆಟ್ಟು ಅದ ಅಲ್ಲ? ನಮಗೇನೂ ತ್ರಾಸ ಇಲ್ಲ" ಅಂದರು. ಬಿಟ್ಟಿದ್ದ ಸಾಲನ್ನು ಈಗ ಹಾಳೆಯ ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ. ಡಾಕ್ಟರು ಕೊಟ್ಟ ಗುಳಿಗೆ ಏನಾದರೂ ನುಂಗುತ್ತಿದ್ದೀರಾ ಎಂದು ಪ್ರತಿಯೊಬ್ಬರನ್ನೂ ಮೂರು ಮೂರು ಸಲ ಕೇಳುತ್ತೇನೆ. ಮೊನ್ನೆ ಮಸ್ತಾನಬಿ ಎಂಬಾಕೆ, "ಎಷ್ಟು ಸಲ ಕೇಳ್ತೀರೀ, ತಲಿ ತಿನ್ನಾಕತ್ತೀರಿ" ಎಂದು ಎದ್ದೇ ಹೋದಳು. ಹೀಗೆ ಮಾಡಿದರೆ ಜೀವಕ್ಕೆ ಸ್ವಲ್ಪ ಸಮಾಧಾನವಾದೀತು ಅಂದುಕೊಂಡಿದ್ದೆ. ಆಗುವುದಿಲ್ಲ. ನಮಾಜಿಗೆ ನಿಂತರೂ ಆಕೆಯ ಹಿಟ್ಟಿನ ಕೈಯೇ ಕಣ್ಣಿಗೆ ಬರುತ್ತದೆ.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ನೀನು ಬಂದು ಕಮಲಾಪುರದ ಓಣಿಯಲ್ಲಿ ನಿಂತು ನನ್ನ ಹೆಸರು ಹಿಡಿದು ಬೈದರೂ ಸರಿ. ಕಾಕಾನಿಗೆ ಫೋನು ಮಾಡು, ಇವತ್ತೇ ಮಾಡು. ದೇವರು ನಿನ್ನ ಮಕ್ಕಳಿಗೆ ನೂರು ವರ್ಷ ಆಯುಷ್ಯ ಕೊಡಲೆಂದು ದುವಾ ಮಾಡುತ್ತೇನೆ. ನಿನ್ನ ಒಲೆ ಎಂದೂ ತಣ್ಣಗಾಗದಿರಲಿ, ನಿನ್ನ ಮನೆಗೆ ಯಾರ ಕಣ್ಣೂ ತಾಗದಿರಲಿ.

ನಿನ್ನವಳು ಎಂದು ಬರೆಯಲು ಕೈ ಬರುತ್ತಿಲ್ಲ,
ಮದಿಹಾ

ತಾ. ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಅವ್ವನಿಗೆ ಹೊಟ್ಟೆಯದು ಏನು ತ್ರಾಸ ಇತ್ತು ಎಂದು ನೀನು ಕೇಳಿಯೇ ಕೇಳುತ್ತೀಯ. ಏನೂ ಇರಲಿಲ್ಲ. ಕಲ್ಲು ತಿಂದರೂ ಅರಗುತ್ತಿತ್ತು ಆಕೆಗೆ. ಓಣಿಯ ಹೆಂಗಸರು ನಾಚಿ ಯಾರೂ ಡಬ್ಬಿ ಮುಟ್ಟುತ್ತಿರಲಿಲ್ಲ. ಅವ್ವ ಒಪ್ಪಿದರೆ ಉಳಿದವರು ಒಪ್ಪುತ್ತಾರೆಂದು ಮೊದಲು ಅಲ್ಲಿಗೆ ಹೋದೆ. "ನಂಗೇನೂ ಆಗಿಲ್ಲಲ್ಲವ್ವ, ನಾ ಯಾಕ ಕೊಡ್ಲಿ?" ಅಂದಿದ್ದಳು. "ನನ್ನ ಸಲುವಾಗಿ ಕೊಡು" ಅಂದೆ. ಫಾರ್ಮಿನಲ್ಲಿ ಹೊಟ್ಟೆ ಉಬ್ಬರ ಎಂದು ನಾನೇ ಬರೆದೆ. ಅಂದುಕೊಂಡ ಹಾಗೇ ಆಯಿತು, ಅವ್ವನ ಹೆಸರು ಕೇಳಿ ಹನ್ನೊಂದು ಹೆಂಗಸರು ಒಪ್ಪಿದರು. ಅವರೆಲ್ಲರ ರಿಪೋರ್ಟು ನಿನ್ನೆ ಬಂದಿದೆ. ಎಲ್ಲರೂ ಆರಾಮ ಇದ್ದಾರೆ.